ಹ್ಯಾಂಡ್ ಬ್ರೇಕ್ ಹಾಕದ ಕಾರು

"ಕಾರಿಗೆ ಜಾಗ ಬೇಕು ಸ್ವಾಮಿ, ಕಾರಿಗೆ! ಮನುಷ್ಯರು ಹೇಗೋ ಎಲ್ಲಾದ್ರೂ ನಿಂತ್ಕೋತಾರೆ."

ಕಟ್ಟಡ ಕಂಪನಿಯ ಮ್ಯಾನೇಜರ್ ಮೈಕಿನ ಮುಂದೆ ಹೀಗೆ ಅಂದುಬಿಟ್ಟ. ಅಂದದ್ದೇನೆಂದು ತನ್ನ ಕಿವಿಗೇ ಬಿದ್ದ ಮೇಲೆ ಮೆಲ್ಲಗೆ ನೀರಿನ ಲೋಟಕ್ಕೆ ಕೈ ಹಾಕಿದ. ಪುರಸಭೆಯ ಸಭಾಂಗಣ ಗೊಳ್ಳೆಂದಿತು.

"ಹಾಗಾದ್ರೆ ನಾಳೆಯಿಂದ ಬ್ರೆಡ್ಡೂ ಕಾರಿಗೇ ತಿನ್ನಿಸ್ತೀನಿ ಬಿಡಿ!" ಬೇಕರಿ ಅಕ್ಕ ಕುರ್ಚಿ ಹತ್ತಿ ನಿಂತೇಬಿಟ್ಟರು. "ಬರೀ ಪೆಟ್ರೋಲ್ ಕುಡಿದು ಅದಕ್ಕೂ ಬಾಯಿ ಕೆಟ್ಟಿರತ್ತೆ ಪಾಪ!"

"ಅಕ್ಕಾ, ಇಳೀರಿ. ಕುರ್ಚಿ ಪುರಸಭೇದು," ಎಂದರು ಅಧ್ಯಕ್ಷರು.

"ಅಂಗಡಿ ನಂದು. ಅದನ್ನ ನೀವು ಕೆಡವಬಹುದು, ನಿಮ್ಮ ಕುರ್ಚಿ ಮೇಲೆ ನಾನು ಕಾಲಿಡಬಾರದೋ?"

ಮತ್ತೆ ನಗು. ಹಿಂದಿನ ಸಾಲಿನಲ್ಲಿ ಕೂತಿದ್ದ ಪತ್ತೇದಾರಮ್ಮನಿಗೂ ತಡೆಯಲಾಗಲಿಲ್ಲ. ನಗುನಗುತ್ತಲೇ ಪಕ್ಕಕ್ಕೆ ತಿರುಗಿದಳು, ಆ ನಗುವನ್ನು ಯಾರ ಜೊತೆಗಾದರೂ ಹಂಚಿಕೊಳ್ಳೋಣವೆಂದು. ಪಕ್ಕದ ಕುರ್ಚಿಯ ಮೇಲೆ ಯಾರೋ ಜಾಗ ಹಿಡಿಯಲು ಇಟ್ಟುಹೋದ ಕೊಡೆ ಇತ್ತು. ಅವಳು ಅದರ ಕಡೆಗೇ ನಕ್ಕು ಮುಂದಕ್ಕೆ ತಿರುಗಿದಳು.

ವೇದಿಕೆಯ ಮೇಲೂ ಒಂದು ಕುರ್ಚಿ ಖಾಲಿಯಿತ್ತು. ನಕ್ಷೆ ಸಾಹೇಬರ ಕುರ್ಚಿ. ಹಳೇ ಪೇಟೆಯ ಸಾಲಂಗಡಿಗಳನ್ನು ಕೆಡವಿ, ಅವುಗಳ ಹಿಂದಿನ ಮೈದಾನವನ್ನೂ ಸೇರಿಸಿ ಬಹುಮಹಡಿ ಪಾರ್ಕಿಂಗ್ ಕಟ್ಟಡ ಎಬ್ಬಿಸುವ ನಕ್ಷೆ ಬರೆದವರು ಅವರೇ. ವಾರದ ಹಿಂದೆ ಒಂದು ಸಂಜೆ ಕಚೇರಿಯಿಂದ ಹೊರಟವರು ಮನೆ ಸೇರಿರಲಿಲ್ಲ. ಅವರ ಕಾರು ಮಾತ್ರ ಊರಾಚೆ, ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಅಂಗಳದಲ್ಲಿ ಸಿಕ್ಕಿತ್ತು.

ಮುಂದಿನ ಸಾಲಿನಲ್ಲಿ ಅವರ ತಂಗಿ ಕೂತಿದ್ದಳು. ಪತ್ತೇದಾರಮ್ಮನಿಗೆ ಅಣ್ಣನನ್ನು ಹುಡುಕುವ ಕೆಲಸ ಒಪ್ಪಿಸಿದವಳು ಅವಳೇ. ಅಣ್ಣನಂತೆ ತಂಗಿಯೂ ಎತ್ತರದಲ್ಲಿ ಏಣಿ. ಅವಳ ಹಿಂದೆ ಕೂತವರು ವೇದಿಕೆ ನೋಡಲು ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿ ಹೊರಳಿಸಿ ಸುಸ್ತಾಗಿದ್ದರು.

"ನಗೋದು ಇರಲಿ," ಮ್ಯಾನೇಜರ್ ಮತ್ತೆ ಮೈಕು ಹಿಡಿದ. ಈ ಸಲ ಅವನ ದನಿಯಲ್ಲಿ ಮೊನೆ ಇತ್ತು. "ನಕ್ಷೆ ಸಾಹೇಬರು ಎಲ್ಲಿ? ಪೇಟೆಯವರೇ ಹೇಳಲಿ. ಅವರು ಇಲ್ಲದೇ ಹೋದ್ರೆ ಯಾರಿಗೆ ಲಾಭ ಅಂತ ಇಡೀ ಊರಿಗೆ ಗೊತ್ತಿದೆ."

ನಗು ಸ್ವಿಚ್ ಆರಿಸಿದಂತೆ ನಿಂತಿತು.

ಆಗ ಎದ್ದವರು ಕನ್ನಡಕದವರು. ಸಾಲಂಗಡಿಯ ತುದಿಯಲ್ಲಿ ಅವರದು ಕನ್ನಡಕದಂಗಡಿ. ಪೇಟೆಯವರ ಸಂಘಕ್ಕೆ ಅವರೇ ಮುಂದಾಳು. ಗಿಡ್ಡ ಆಳು. ಮೈಕನ್ನು ಅವರ ಎತ್ತರಕ್ಕೆ ಇಳಿಸಲು ಇಬ್ಬರು ಬರಬೇಕಾಯಿತು.

"ಲಾಭದ ಮಾತು ಬೇಡ," ಅವರು ಮೆತ್ತಗೆ ಹೇಳಿದರು. "ಅವರಿಲ್ಲದೆ ಈ ನಕ್ಷೆಗೆ ಒಪ್ಪಿಗೆ ಕೊಡಬೇಡಿ. ಬರೆದವರೇ ಬಂದು ಇದು ಸರಿ ಅನ್ನಲಿ. ಅವರು ಸರಿ ಅಂದ್ರೆ ನಾನೇ ಮೊದಲು ನನ್ನ ಬೋರ್ಡು ಇಳಿಸ್ತೀನಿ."

ಚಪ್ಪಾಳೆ ಬಿತ್ತು. ಪತ್ತೇದಾರಮ್ಮನೂ ತಟ್ಟಿದಳು, ಉಳಿದವರಿಗಿಂತ ಸ್ವಲ್ಪ ಹೆಚ್ಚೇ.

ಅದಕ್ಕೆ ಕಾರಣವಿತ್ತು. ಕೆಟ್ಟ ಕಾರು, ಗುದ್ದಿದ ಕಾರು, ಗುದ್ದಿಸಿದ ಕಾರು ಎಂದು ವಿಮಾ ಕಂಪನಿಯ ಪರವಾಗಿ ಪರೀಕ್ಷಿಸುತ್ತ ಅರ್ಧ ಆಯಸ್ಸು ಕಳೆದವಳು ಅವಳು. ಅದು ಮುಗಿದ ಮೇಲೆ ಹಳೇ ಪೇಟೆಯ ಗಡಿಯಾರದಂಗಡಿಯ ಮೇಲಿನ ಕೋಣೆ ಹಿಡಿದು, ಪತ್ತೆ ಕೆಲಸದ ಬೋರ್ಡು ತೂಗುಹಾಕಿದ್ದಳು. ಕೆಳಗಿನಿಂದ ಗಡಿಯಾರಗಳ ಟಿಕ್‌ಟಿಕ್ ಕೇಳುತ್ತಿತ್ತು; ಮಾತು ಕೇಳುತ್ತಿರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ "ಏನಾದ್ರೂ ತಿಂದ್ರಾ?" ಎಂದು ಅವಳನ್ನು ಕೇಳುವವರು ಕನ್ನಡಕದವರೊಬ್ಬರೇ. ಸಂಜೆ ಅವರ ಅಂಗಡಿಯಲ್ಲಿ, ಗಿರಾಕಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವುದು ಅವಳ ದಿನಕ್ಕೆ ಉಳಿದಿದ್ದ ಒಂದೇ ಮಾತುಕತೆ.

ಕಾರಿನ ಕೀಯನ್ನು ಒಳಗೇ ಬಿಟ್ಟು ಬಾಗಿಲು ಹಾಕಿಕೊಳ್ಳುವ ಚಾಳಿ ಅವಳಿಗೆ. ಒಮ್ಮೆ ಹಾಗಾದ ಮೇಲೆ ಅವರೇ ಎರಡನೆಯ ಕೀ ಇಸಿದುಕೊಂಡು, ಅಂಗಡಿ ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರದ ಫಲಕದ ಕೆಳಗಿನ ಮೊಳೆಗೆ ನೇತುಹಾಕಿದ್ದರು. ತನ್ನದೊಂದು ಕೀ ಇನ್ನೊಬ್ಬರ ಗೋಡೆಯ ಮೇಲಿದೆ ಎನ್ನುವುದು ಅವಳಿಗೆ ಎಷ್ಟು ಹಿತವೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು?

ಅಷ್ಟರಲ್ಲಿ ಸಭಾಂಗಣದ ಬಾಗಿಲು ದಢಾರನೆ ತೆರೆಯಿತು.

"ಯಾರ್ರೀ ಅದು ಕರೀ ಕಾರು? ಯಾರದು?"

ತಳ್ಳುಮಾಮ. ಸಾಲಂಗಡಿಗಳ ಹಿಂದಿನ ಮೈದಾನದಲ್ಲಿ ಕಾರು ನಿಲ್ಲಿಸುವ ಉಸ್ತುವಾರಿ ಅವನದು. ಮೈದಾನ ಅಂಗೈಯಷ್ಟು, ಕಾರುಗಳು ಒಂದರ ಬಾಲಕ್ಕೊಂದು ಮೂಗು ತಾಗಿಸಿ ನಿಲ್ಲಬೇಕು. ಅದಕ್ಕೇ ಅಲ್ಲೊಂದು ಕಟ್ಟಳೆ. ಯಾರೂ ಗೇರಿನಲ್ಲಿ ಬಿಡುವಂತಿಲ್ಲ, ಹ್ಯಾಂಡ್ ಬ್ರೇಕ್ ಎಳೆಯುವಂತಿಲ್ಲ. ಚಕ್ರ ನೇರ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಚಕ್ರಕ್ಕೆ ಅರ್ಧ ಇಟ್ಟಿಗೆ ಕೊಟ್ಟು ಹೋಗಬೇಕು. ಒಳಗಿನ ಕಾರು ಹೊರಡಬೇಕಾದಾಗ ತಳ್ಳುಮಾಮ ಇಟ್ಟಿಗೆ ತೆಗೆದು, ಅಡ್ಡ ಇದ್ದ ಕಾರುಗಳನ್ನು ಭುಜ ಕೊಟ್ಟು ತಳ್ಳುತ್ತಾನೆ.

"ನನ್ನದು," ಎಂದ ಮ್ಯಾನೇಜರ್. "ಏನಾಯ್ತು?"

"ಏನಾಯ್ತಾ? ಬೇಕರಿ ವ್ಯಾನಿಗೆ ಅಡ್ಡ ಕಲ್ಲುಬಂಡೆ ಥರ ಕೂತಿದೆ. ತಳ್ಳಿ ತಳ್ಳಿ ನನ್ನ ಸೊಂಟ ಹೋಯ್ತು, ಅದು ಜಪ್ಪಯ್ಯ ಅನ್ನಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದಿದ್ದೀರಾ?"

"ಎಳೀದೆ ಇರ್ತಾರಾ? ಕಾರು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಹಾಕೋದು ಸಾಮಾನ್ಯ ಜ್ಞಾನ ರೀ."

"ನಮ್ಮಲ್ಲಿ ಹಾಕದೇ ಇರೋದು ಸಾಮಾನ್ಯ ಜ್ಞಾನ!" ತಳ್ಳುಮಾಮ ಹಣೆ ಚಚ್ಚಿಕೊಂಡ. "ಅಲ್ಲ ಸ್ವಾಮಿ, ಪಾರ್ಕಿಂಗ್ ಕಟ್ಟಡ ಕಟ್ಟೋಕೆ ಬಂದಿದ್ದೀರಿ, ಪಾರ್ಕಿಂಗ್ ಮಾಡೋಕೆ ಬರಲ್ವಲ್ಲ ನಿಮಗೆ! ನಿಂತ ಕಾರು ನೋಡಿದ್ರೇ ನಾನು ಹೇಳ್ಬಿಡ್ತೀನಿ, ನಮ್ಮವರೋ ಹೊರಗಿನವರೋ ಅಂತ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮ್ಯಾನೇಜರ್ ಎದ್ದುಹೋಗಿ ಕಾರು ತೆಗೆದು ಬರಬೇಕಾಯಿತು. ತಳ್ಳುಮಾಮ ಮಾತ್ರ ಬಂದದ್ದು ಬಂದಾಯಿತೆಂದು, ಪತ್ತೇದಾರಮ್ಮನ ಪಕ್ಕದ ಕೊಡೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟ. "ನಾನೂ ಎರಡು ಮಾತಾಡಿಯೇ ಹೋಗ್ತೀನಿ ಅಮ್ಮ. ಮೈದಾನ ಎಲ್ಲೂ ಓಡಿಹೋಗಲ್ಲ."

ಪತ್ತೇದಾರಮ್ಮನ ತಲೆ ಅವನ ಮೊದಲಿನ ಮಾತಿಗೇ ಸಿಕ್ಕಿಕೊಂಡಿತ್ತು.

ನಮ್ಮವರೋ, ಹೊರಗಿನವರೋ.

ಮೊನ್ನೆ ಐಸ್ ಫ್ಯಾಕ್ಟರಿಯ ಅಂಗಳದಲ್ಲಿ ನಕ್ಷೆ ಸಾಹೇಬರ ಕಾರನ್ನು ಅವಳು ನೋಡಿದ್ದಳು. ಪೊಲೀಸರು ನೋಡಿ ಮುಗಿಸಿ, ಬೀಗ ತೆಗೆದು, ಅವಳಿಗೆ ಬಿಟ್ಟಿದ್ದರು. ಒರಗಿ ನಿಂತಾಗ ಕಾರು ಸ್ವಲ್ಪ ಅಲುಗಿತ್ತು. ಹಿಂದಿನ ಚಕ್ರದ ಕೆಳಗೆ ಅರ್ಧ ಇಟ್ಟಿಗೆ ಇತ್ತು. ನ್ಯೂಟ್ರಲ್. ಹ್ಯಾಂಡ್ ಬ್ರೇಕ್ ಕೆಳಗೆ.

ನೋಡಿದ್ದಳು, ನೋಡಿ ಸುಮ್ಮನಾಗಿದ್ದಳು. ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಪೇಟೆಗೆ ಬಂದ ಲಾಗಾಯ್ತು ಅವಳೂ ಕಾರು ನಿಲ್ಲಿಸುವುದು ಹಾಗೆಯೇ.

ನಕ್ಷೆ ಸಾಹೇಬರು ಪುರಸಭೆಯ ಆವರಣದಲ್ಲಿ ಕಾರು ನಿಲ್ಲಿಸುವವರು. ಹಳೇ ಪೇಟೆಯ ಮೈದಾನಕ್ಕೆ ಅವರ ಕಾರು ಒಂದು ದಿನವೂ ಬಂದದ್ದಿಲ್ಲ. ಆ ಕಾರನ್ನು ಐಸ್ ಫ್ಯಾಕ್ಟರಿಗೆ ಒಯ್ದು ನಿಲ್ಲಿಸಿದ ಕೈ ಅವರದಲ್ಲ. ಪೇಟೆಯ ಕೈ. ಸುತ್ತ ಇನ್ನೊಂದು ಕಾರಿಲ್ಲದ ಬಯಲಿನಲ್ಲೂ, ಯಾರೋ ತಳ್ಳಲು ಬರುತ್ತಾರೆಂಬಂತೆ, ಅಭ್ಯಾಸಬಲದಿಂದ ಇಟ್ಟಿಗೆ ಹುಡುಕಿ ಕೊಟ್ಟ ಕೈ.

ಇದನ್ನು ಈ ಕ್ಷಣ ಎದ್ದು ಹೇಳಿದರೆ? ಮ್ಯಾನೇಜರನ ಮಾತೇ ನಿಜವಾಗುತ್ತದೆ. ನಕ್ಷೆ ಸಾಹೇಬರನ್ನು ಪೇಟೆಯವರೇ ಏನೋ ಮಾಡಿದರು ಎಂದು ಊರೆಲ್ಲ ಹಬ್ಬುತ್ತದೆ. ನಾಳೆ ಬೆಳಿಗ್ಗೆ ನಕ್ಷೆಯ ಮೇಲೆ ಪುರಸಭೆಯ ಮತದಾನ. ಸಾಲಂಗಡಿಗೆ ಅಲ್ಲಿಗೆ ಮಂಗಳ ಹಾಡಿದ ಹಾಗೆ.

ಆದರೆ ಅವಳು ಏಳದೇ ಇದ್ದದ್ದು ಅಷ್ಟಕ್ಕೇ ಅಲ್ಲ. ಇನ್ನೂ ಒಂದಿತ್ತು.

ಕಾರು ಪರೀಕ್ಷೆಗೆ ಹೋದರೆ ಅವಳು ಮೊದಲು ಮಾಡುವುದು ಚಾಲಕನ ಸೀಟಿನಲ್ಲಿ ಸುಮ್ಮನೆ ಕೂರುವುದು. ಅಂದೂ ಕೂತಿದ್ದಳು. ಕಾಲು ಸಲೀಸಾಗಿ ಪೆಡಲಿಗೆ ಎಟುಕಿತ್ತು. ತಲೆ ಎತ್ತಿದರೆ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಂಡಿತ್ತು. ಸೀಟು ಸರಿಸಲಿಲ್ಲ, ಕನ್ನಡಿ ಮುಟ್ಟಲಿಲ್ಲ. ಎಲ್ಲ ಅವಳ ಅಳತೆಗೇ ಹೊಂದಿಸಿಟ್ಟಂತಿತ್ತು, ಅದಕ್ಕೇ ಏನೂ ಗಮನಕ್ಕೆ ಬರಲಿಲ್ಲ. ಹೊಂದದ ಚಪ್ಪಲಿಯಾದರೆ ಕಚ್ಚುತ್ತದೆ. ಹೊಂದಿದ್ದನ್ನು ಕಾಲು ಮರೆತೇಬಿಡುತ್ತದೆ.

ನಕ್ಷೆ ಸಾಹೇಬರ ಕಾಲು ಎಷ್ಟು ಉದ್ದ! ಅವರ ಸೀಟು ಅವಳಿಗೆ ಹೊಂದುವುದುಂಟೇ?

ಪೇಟೆಯವನು. ಕಾರು ಬಲ್ಲವನು. ಅವಳಷ್ಟೇ ಎತ್ತರದವನು.

ಅವಳೂ ಕನ್ನಡಕದವರೂ ಅಂಗಡಿ ಮೆಟ್ಟಿಲ ಮೇಲೆ ಜೊತೆಗೆ ನಿಂತರೆ ಬೇಕರಿ ಅಕ್ಕ ಆಚೆ ಬದಿಯಿಂದ ಕೂಗುವುದಿತ್ತು: "ಏನ್ರೀ ಇದು, ಒಂದೇ ಅಚ್ಚಲ್ಲಿ ಬೇಯಿಸಿದ ಬನ್ನುಗಳ ಹಾಗಿದ್ದೀರಿ ಇಬ್ಬರೂ! ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಡಿಮೆ ಇಲ್ಲ!" ಅವರು ನಾಚಿಕೊಂಡು ಒಳಗೆ ಹೋಗುತ್ತಿದ್ದರು. ಅವಳು ಸುಳ್ಳೇ ಸಿಟ್ಟು ಮಾಡುತ್ತಿದ್ದಳು.

ಪತ್ತೇದಾರಮ್ಮ ಮುಂದಿನ ಸಾಲಿನತ್ತ ನೋಡಿದಳು, ನಕ್ಷೆ ಸಾಹೇಬರ ತಂಗಿಗೆ ಏನು ಹೇಳುವುದೆಂದು. ಅವಳ ಕುರ್ಚಿ ಖಾಲಿಯಾಗಿತ್ತು. ಗಲಾಟೆಯ ನಡುವೆ ಯಾವಾಗ ಎದ್ದುಹೋದಳೋ. ಹಿಂದಿನವರು ನಿರಾಳವಾಗಿ ಕತ್ತು ನೆಟ್ಟಗೆ ಮಾಡಿ ಕೂತಿದ್ದರು.

*

ಸಭೆ ಮುಗಿದಾಗ ಬೀದಿ ದೀಪ ಹೊತ್ತಿಕೊಳ್ಳುವ ಹೊತ್ತು. ಜನ ಗುಂಪು ಗುಂಪಾಗಿ, ಸಭೆಯಲ್ಲಿ ಆಡಲಾಗದೆ ಉಳಿದ ಮಾತುಗಳನ್ನು ರಸ್ತೆಯಲ್ಲಿ ಆಡುತ್ತ ಮನೆ ಕಡೆ ನಡೆದರು. ಪತ್ತೇದಾರಮ್ಮ ಎಲ್ಲರೂ ದಾಟಿ ಹೋಗಲೆಂದು ಮುಚ್ಚಿದ ಗಡಿಯಾರದಂಗಡಿಯ ಮುಂದೆ ನಿಂತಳು. ಗಾಜಿನಾಚೆ ಗಡಿಯಾರಗಳು ಒಂದೊಂದೂ ಒಂದೊಂದು ಸಮಯ ಹೇಳುತ್ತಿದ್ದವು.

ಹೋಗದೇ ಇದ್ದುಬಿಡಬಹುದು. ಇಟ್ಟಿಗೆಯ ಅರ್ಥ ಅವಳೊಬ್ಬಳಿಗೇ ಗೊತ್ತು. ಸೀಟಿನ ವಿಷಯವೂ ಅಷ್ಟೇ. ನಾಳೆ ಸಂಜೆ ಎಂದಿನಂತೆ ಹೋಗಿ ಎತ್ತರದ ಕುರ್ಚಿಯಲ್ಲಿ ಕೂರಬಹುದು. ಕಾಫಿ ಬರುತ್ತದೆ.

ಆದರೆ ಎಲ್ಲೋ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಇದ್ದಾನೋ, ಇಲ್ಲವೋ.

ಅವಳು ಕನ್ನಡಕದಂಗಡಿಯ ಬಾಗಿಲು ತಳ್ಳಿದಳು. ಬಾಗಿಲಿನ ಪುಟ್ಟ ಗಂಟೆ ಕಿಣಿಕಿಣಿ ಎಂದಿತು.

ಗೋಡೆ ತುಂಬ ಸಾಲುಸಾಲಾಗಿ ಜೋಡಿಸಿದ ಖಾಲಿ ಕನ್ನಡಕಗಳು. ಬೇರೆ ದಿನ ಅವು ಬರೀ ಕನ್ನಡಕಗಳು. ಇವತ್ತು ಕಣ್ಣಿಲ್ಲದ ಜನರ ಗುಂಪೊಂದು ಅವಳನ್ನೇ ನೋಡುತ್ತಿದ್ದಂತಿತ್ತು. ಕನ್ನಡಕದವರು ಎದುರು ಗೋಡೆಗೆ ಬೆನ್ನು ಕೊಟ್ಟು, ಅಕ್ಷರದ ಫಲಕದ ಕೆಳಗೆ ನಿಂತು, ಮೆತ್ತನೆಯ ಬಟ್ಟೆಯಿಂದ ಒಂದು ಮಸೂರ ಒರೆಸುತ್ತಿದ್ದರು.

"ಬನ್ನಿ. ಕೂತ್ಕೊಳಿ," ಎಂದರು.

ಏನಾದರೂ ತಿಂದ್ರಾ ಎಂದು ಕೇಳಲಿಲ್ಲ. ಅವಳಿಗೆ ಅದು ಮೊದಲು ತಾಗಿತು.

"ಕೂರಲ್ಲ. ನಕ್ಷೆ ಸಾಹೇಬರ ಕಾರನ್ನ ಐಸ್ ಫ್ಯಾಕ್ಟರಿಗೆ ಓಡಿಸಿದ್ದು ನೀವು."

ಒರೆಸುತ್ತಿದ್ದ ಕೈ ನಿಂತಿತು. "ಕೇಳ್ತಾ ಇದ್ದೀರಾ, ಹೇಳ್ತಾ ಇದ್ದೀರಾ?"

"ಕೇಳೋ ಹಾಗಿದ್ರೆ ಬಾಗಿಲಲ್ಲೇ ನಿಂತು ಕೇಳ್ತಿದ್ದೆ."

"ನಾನು ಕಾರು ಮಾರಿ ಎಷ್ಟು ಕಾಲ ಆಯ್ತು."

"ಕಾರು ಮಾರಿದ್ರಿ. ಚಾಳಿ ಮಾರಲಿಲ್ಲ. ಬಟಾಬಯಲಲ್ಲಿ ಯಾರ್ರೀ ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಡ್ತಾರೆ?"

ಅವರು ಮಸೂರವನ್ನು ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

"ಪೇಟೆಯವರೆಲ್ಲ ಹಾಗೇ ನಿಲ್ಲಿಸೋದು. ಬೇಕರಿ ಅಕ್ಕನೂ ಹಾಗೇ."

"ಬೇಕರಿ ಅಕ್ಕ ಆ ಸೀಟಲ್ಲಿ ಕೂತಿದ್ರೆ ಸ್ಟಿಯರಿಂಗು ಹೊಟ್ಟೆಯೊಳಗೆ ಇರ್ತಿತ್ತು. ಆ ಸೀಟು ನನ್ನ ಅಳತೆಗಿತ್ತು, ಕನ್ನಡಕದವರೇ. ಕನ್ನಡಿ ಕೂಡ. ಈ ಪೇಟೇಲಿ ನನ್ನ ಅಳತೆ ಇನ್ಯಾರದು ಅಂತ ಬೀದಿಗೆ ಬೀದಿಯೇ ಕೂಗಿ ಹೇಳತ್ತಲ್ಲ."

ಅವರ ಮುಖದಲ್ಲಿ ಒಂದು ನಗು ಏಳಲು ನೋಡಿತು. ಅರ್ಧಕ್ಕೇ ಕುಸಿಯಿತು.

"ಬನ್ನು," ಎಂದರು ಸಣ್ಣಗೆ.

"ಹ್ಞೂಂ. ಬನ್ನು."

ಹೊರಗೆ ಯಾರೋ ಅಂಗಡಿ ಶಟರ್ ಎಳೆದ ಸದ್ದು.

"ಅವತ್ತು ಸಂಜೆ ಕಾರನ್ನ ಪೇಟೆ ಹೊರಗೇ ಬಿಟ್ಟು ಹಿಂಬಾಗಿಲಿಂದ ಬಂದ್ರು," ಅವರು ಕೊನೆಗೆ ಬಾಯಿ ಬಿಟ್ಟರು. "ನಾನು ಜಗಳಕ್ಕೆ ಬಂದ್ರು ಅಂದ್ಕೊಂಡೆ. ಸೀದಾ ಹೋಗಿ ಆ ಕುರ್ಚಿ ಮೇಲೆ ಕೂತ್ರು. ಕಣ್ಣು ನೋಡಿ ಅಂದ್ರು."

"ಕಣ್ಣಾ?"

"ಎದುರಿಗಿರೋದು ಕಾಣತ್ತೆ. ಪಕ್ಕದ್ದು ಹೋಗಿದೆ. ಕೊಳವೆ ಒಳಗಿಂದ ನೋಡಿದ ಹಾಗೆ. ಅವತ್ತೇ ಒಬ್ಬ ಸೈಕಲ್ಲಿನವನಿಗೆ ಗುದ್ದೋದು ಕೂದಲೆಳೇಲಿ ತಪ್ಪಿತ್ತಂತೆ. ಇದು ನನ್ನ ಕನ್ನಡಕದಿಂದ ಸರಿಹೋಗೋದಲ್ಲ, ದೊಡ್ಡ ಡಾಕ್ಟರ ಹತ್ರ ಹೋಗಿ ಅಂದೆ. ಅದಕ್ಕವರು, ಇದು ಹೊರಗೆ ಗೊತ್ತಾದ್ರೆ ನಕ್ಷೆ ಬರೆಯೋ ಕೆಲಸ ಹೋಗತ್ತೆ, ಯಾರಿಗೂ ಹೇಳಬೇಡಿ ಅಂತ ಕೈ ಹಿಡ್ಕೊಂಡ್ರು."

"ಆಮೇಲೆ?"

"ಐಸ್ ಫ್ಯಾಕ್ಟರಿ ಹತ್ರ ಒಬ್ಬರು ಕಾಯ್ತಿದ್ದಾರೆ, ಹೋಗ್ಲೇಬೇಕು, ನಂಗೆ ಓಡಿಸೋ ಧೈರ್ಯ ಇಲ್ಲ ಅಂದ್ರು. ನಾನು ಓಡಿಸಿದೆ. ಕಾರು ನಿಲ್ಲಿಸಿ, ಬೀಗ ಹಾಕಿ, ಕೀ ಅವರ ಕೈಗಿಟ್ಟೆ. ನೀವು ಹೋಗಿ, ನನ್ನನ್ನ ಮನೆಗೆ ಬಿಡೋರು ಇದ್ದಾರೆ ಅಂದ್ರು. ನಡ್ಕೊಂಡು ವಾಪಸ್ ಬಂದೆ. ಅಷ್ಟೇ."

"ಕಾಯ್ತಿದ್ದೋರು ಯಾರು?"

"ನೋಡಲಿಲ್ಲ."

"ಗಂಡಸೋ, ಹೆಂಗಸೋ?"

"ನೋಡಲಿಲ್ಲ ಅಂದ್ನಲ್ಲ."

ಬೇಗ ಬಂದ ಉತ್ತರ. ವಿಮಾ ಕಂಪನಿಯ ದಿನಗಳಲ್ಲಾಗಿದ್ದರೆ ಇಲ್ಲಿ ಅವಳು ಪೆನ್ನು ಮುಚ್ಚಿ ಮುಗುಳ್ನಗುತ್ತಿದ್ದಳು. ಈಗ ನಗು ಬರಲಿಲ್ಲ.

"ಪೊಲೀಸರಿಗೆ ಹೇಳಬಹುದಿತ್ತು."

"ಹೇಳಿದ್ರೆ ಕಣ್ಣಿನ ವಿಷಯ ಹೇಳಬೇಕು. ಆ ಕುರ್ಚಿ ಮೇಲೆ ಕೂತೋರ ಕಣ್ಣು ನನ್ನ ಹತ್ರಾನೇ ಇರ್ಬೇಕು. ಬೀದಿಗೆ ಬರಬಾರದು."

"ಇವತ್ತು ಸಭೇಲಿ ಮೈಕು ನಿಮ್ಮ ಕೈಲೇ ಇತ್ತು. ಪಕ್ಕದ್ದು ಕಾಣದವರು ಬರೆದ ನಕ್ಷೆ ಇದು ಅಂತ ಒಂದು ಮಾತು ಅಂದಿದ್ರೆ ಪೇಟೆ ಉಳೀತಿತ್ತು."

"ಉಳೀತಿತ್ತು. ಆ ಮನುಷ್ಯ ಮುಳುಗ್ತಿದ್ದ."

ಇಂಥವರೆಂದೇ ಅಲ್ಲವೇ ಸಂಜೆಯಾದರೆ ಕಾಲು ಈ ಕಡೆ ಎಳೆಯುತ್ತಿದ್ದದ್ದು.

"ಹೋಗಲಿ," ಎಂದಳು. "ಊರಿಗೆ ಹೇಳ್ಲಿಲ್ಲ, ಪೊಲೀಸರಿಗೂ ಇಲ್ಲ. ದಿನಾ ಸಂಜೆ ನಾನು ಇಲ್ಲೇ ಕೂತಿರ್ತಿದ್ದೆ. ಈ ವಾರ ಪೂರ್ತಿ ಕೂತಿದ್ದೆ. ಅವರನ್ನೇ ಹುಡುಕ್ತಾ ಇದ್ದೀನಿ ಅಂತ ಗೊತ್ತಿದ್ದೂ ನೀವು ಕಾಫಿ ಕೊಟ್ರಿ. ನನಗೆ ಯಾಕೆ ಹೇಳ್ಲಿಲ್ಲ?"

ಕನ್ನಡಕದವರು ಮಸೂರವನ್ನು ಬಟ್ಟೆಯಲ್ಲಿ ಸುತ್ತಿದರು. ಬಿಚ್ಚಿದರು. ಮತ್ತೆ ಸುತ್ತಿದರು.

"ಈಗ ನೀವು ಅವರ ತಂಗಿ ಕಡೆಯವರಲ್ಲವಾ."

"ನಾನು ಯಾರ ಕಡೆಯವಳೂ ಅಲ್ಲ."

ಹೇಳಬೇಕೆಂದದ್ದಕ್ಕಿಂತ ಹೆಚ್ಚು ನಿಜವಾಗಿ ಆ ಮಾತು ಬಾಯಿಂದ ಬಿದ್ದಿತ್ತು. ಹಿಂದಕ್ಕೆ ಎತ್ತಿಕೊಳ್ಳುವಂತಿರಲಿಲ್ಲ. ಗೋಡೆಯ ಮೇಲಿನ ಖಾಲಿ ಕನ್ನಡಕಗಳೆಲ್ಲ ಕೇಳಿಸಿಕೊಂಡವು.

ಕನ್ನಡಕದವರು ಅವಳತ್ತ ಬರಲು ಒಂದು ಹೆಜ್ಜೆ ಕಿತ್ತಂತೆ ಮಾಡಿದರು. ಆಮೇಲೆ ಏನನ್ನೋ ನೆನೆಸಿಕೊಂಡವರ ಹಾಗೆ ಮತ್ತೆ ಗೋಡೆಗೇ ಒತ್ತಿ ನಿಂತರು.

"ನಂಬ್ತೀರಾ ನನ್ನ?"

ಇಷ್ಟು ವರ್ಷ ಎಷ್ಟೋ ಜನರ ಎಷ್ಟೋ ಕತೆಗಳನ್ನು ಕೇಳಿ ಜರಡಿ ಹಿಡಿದವಳು ಅವಳು. ಆ ಕೆಲಸ ಸುಲಭವಿತ್ತು; ಯಾರನ್ನೂ ನಂಬಬೇಕೆಂಬ ಆಸೆ ಅವಳಿಗೆ ಇರಲಿಲ್ಲ. ಇವತ್ತು ಇತ್ತು. ಹೆದರಿಕೆ ಹುಟ್ಟಿಸಿದ್ದೇ ಅದು.

"ನಾಳೆ ಹೇಳ್ತೀನಿ," ಎಂದು ಬಾಗಿಲು ತೆರೆದಳು. ಗಂಟೆ ಕಿಣಿಕಿಣಿ ಎಂದಿತು.

"ಏನಾದ್ರೂ ತಿಂದ್ರಾ?" ಹಿಂದಿನಿಂದ ದನಿ ಬಂತು.

"ತಿಂದೆ," ಎಂದಳು.

ತಿಂದಿರಲಿಲ್ಲ. ಅವರಿಬ್ಬರ ನಡುವೆ ಸುಳ್ಳಿಗೆ ಮೊದಲು ಬಾಗಿಲು ತೆರೆದದ್ದು ತಾನೇ ಇರಬೇಕು ಎಂದುಕೊಂಡು ಮೆಟ್ಟಿಲಿಳಿದಳು.

*

ಐಸ್ ಫ್ಯಾಕ್ಟರಿಗೆ ಹೋಗಿ ಇನ್ನೊಮ್ಮೆ ನೋಡುವುದೆಂದು ನಿರ್ಧರಿಸಿದಳು. ಅಲ್ಲಿ ಕಾಯುತ್ತಿದ್ದವರು ಯಾರಾದರೂ ಸರಿ, ಒಂದು ಗುರುತು ಬಿಟ್ಟಿರಬೇಕು. ಒಂದೇ ಒಂದು ಗುರುತು ಸಿಕ್ಕರೂ ಕನ್ನಡಕದವರ ಕತೆ ನಿಲ್ಲುತ್ತದೆ. ನಾಳೆ ಬೆಳಿಗ್ಗೆಯೇ ಹೋಗಿ "ನಂಬ್ತೀನಿ" ಎನ್ನಬಹುದು. ಹೆಜ್ಜೆ ತಾನಾಗಿ ಬಿರುಸಾಯಿತು. ಬ್ಯಾಗಿನಲ್ಲಿ ಕೈ ಹಾಕಿ ಕಾರಿನ ಕೀ ಹುಡುಕುತ್ತ ಸಾಲಂಗಡಿಗಳ ಹಿಂದಕ್ಕೆ ಬಂದಳು.

ಮೈದಾನದಲ್ಲಿ ತಳ್ಳುಮಾಮ ಯಾವುದೋ ಕಾರಿಗೆ ಬೆನ್ನು ಕೊಟ್ಟು, ಕಾಲು ಊರಿ, ಮುಖ ಕೆಂಪಗೆ ಮಾಡಿಕೊಂಡು ಮುಲುಕುತ್ತಿದ್ದ. ಅವಳನ್ನು ಕಂಡದ್ದೇ ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಜೋಡಿಸಿದ.

"ಅಮ್ಮಾ ತಾಯೀ, ನೀವೂನಾ?"

"ಏನು ಮಾಮ?"

"ಅವನೇನೋ ಕಂಪನಿಯವನು, ಹೊರಗಿನವನು. ನಿಮಗೇನು ಬಂತು ರೋಗ? ಹ್ಯಾಂಡ್ ಬ್ರೇಕ್ ಎಳೆದಿದ್ದೀರಲ್ಲ!"

ಅದು ಅವಳ ಕಾರು.

"ನಾನು ಎಳೆದಿಲ್ಲ."

"ಎಳೆಯದೇ ಇದು ಹೀಗೆ ಕಚ್ಕೊಂಡು ಕೂತಿದೆಯಾ? ಇಟ್ಟಿಗೇನೂ ಕೊಟ್ಟಿಲ್ಲ. ಅಲ್ಲ, ಬೆಳಿಗ್ಗೆ ಗೋಡೆ ಪಕ್ಕ ನಿಲ್ಲಿಸಿ ಹೋದ್ರಲ್ಲ, ಚೆನ್ನಾಗೇ ಇತ್ತು. ನಾನು ಸಭೇಲಿ ಕೂತಿದ್ದಾಗ ತೆಗ್ದು ಎಲ್ಲೋ ಹೋಗಿ ಬಂದು, ತಂದು ಇಲ್ಲಿ ನಟ್ಟನಡುವೆ ಒಗೆದಿದ್ದೀರಿ."

"ಮಾಮ, ಸಭೇಲಿ ನಿಮ್ಮ ಪಕ್ಕದಲ್ಲೇ ಕೂತಿದ್ದೆ ನಾನು."

ತಳ್ಳುಮಾಮ ಬಾಯಿ ತೆರೆದವನು ತೆರೆದೇ ನಿಂತ. "ಹೌದಲ್ಲ," ಎಂದ. "ಕೊಡೆ ಇತ್ತು."

ಪತ್ತೇದಾರಮ್ಮ ಬಾನೆಟ್ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು.

ಬಾಗಿಲಿನ ಬೀಗ ಒಡೆದಿರಲಿಲ್ಲ, ಗೀರಿರಲಿಲ್ಲ. ಕೀಲಿಯಿಂದಲೇ ತೆರೆದು ಕೀಲಿಯಿಂದಲೇ ಹಾಕಿದ್ದರು. ಈ ಕಾರಿಗೆ ಇರುವುದು ಎರಡೇ ಕೀ. ಒಂದು ಈಗ ಅವಳ ಬೆರಳುಗಳ ನಡುವೆ ಇತ್ತು.

ಇನ್ನೊಂದು ಅಕ್ಷರದ ಫಲಕದ ಕೆಳಗಿನ ಮೊಳೆಯಲ್ಲಿರಬೇಕಾದದ್ದು. ಮಾತಾಡುವಷ್ಟು ಹೊತ್ತೂ ಕನ್ನಡಕದವರು ಆ ಮೊಳೆಗೆ ಬೆನ್ನು ಒತ್ತಿ ನಿಂತಿದ್ದರು. ಒಂದು ಹೆಜ್ಜೆಯೂ ಈಚೆ ಬರಲಿಲ್ಲ.

"ಯಾರಮ್ಮ ತೆಗೆದಿರ್ತಾರೆ?" ತಳ್ಳುಮಾಮನ ದನಿ ಈಗ ಇಳಿದಿತ್ತು. "ನಮ್ಮವರಂತೂ ಅಲ್ಲ. ನಮ್ಮವರು ಹೀಗೆ ನಿಲ್ಲಿಸಲ್ಲ."

"ಅಲ್ಲ," ಎಂದಳು. "ಹೊರಗಿನವರು."

ಬಾಗಿಲು ತೆರೆದು, ಚಾಲಕನ ಸೀಟಿನಲ್ಲಿ ಸುಮ್ಮನೆ ಕೂತಳು. ಬೆನ್ನು ಒರಗಲು ಹೋದರೆ ಸೀಟು ಎಲ್ಲೋ ಹಿಂದೆ, ಬಾವಿಯಲ್ಲಿದ್ದಂತೆ ಸಿಕ್ಕಿತು. ತಲೆ ಎತ್ತಿ ಕನ್ನಡಿ ನೋಡಿದಳು. ಅದರಲ್ಲಿ ಹಿಂದಿನ ಗಾಜು ಕಾಣಲಿಲ್ಲ, ಕಾರಿನ ಸೂರು ಮಾತ್ರ ಕಂಡಿತು. ಅಣ್ಣನೋ, ತಂಗಿಯೋ, ಏಣಿಯೊಂದು ಇಲ್ಲಿ ಕೂತೆದ್ದಿತ್ತು. ಅವಳು ಕಾಲು ಚಾಚಿದಳು, ಇನ್ನಷ್ಟು ಚಾಚಿದಳು, ಬೆರಳ ತುದಿಯವರೆಗೂ ಚಾಚಿದಳು.

ಪೆಡಲು ಎಟುಕಲಿಲ್ಲ.